ಬಳೆಗಾರ್ತಿ ಸುಂದರಬಾಯಿ ಲೆಕ್ಕದ ಮಾಸ್ತರನ್ನು ಹುಡುಕಿದ್ದು

ಬಸವಕಲ್ಯಾಣವನ್ನು ಜನ ಇನ್ನೂ ಕಲ್ಯಾಣಿ ಎಂದೇ ಕರೆಯುತ್ತಿದ್ದ ಕಾಲ. ಕೋಟೆಯ ಕೆಳಗಿನ ಓಣಿಗಳಲ್ಲಿ ಬಳೆಗಾರ್ತಿ ಸುಂದರಬಾಯಿ ಬಂದಳೆಂದರೆ ಹೆಂಗಸರು ಕೈ ಚಾಚುವ ಮೊದಲೇ ನಗಲು ಶುರುಮಾಡುತ್ತಿದ್ದರು. ಈಕೆ ಬಳೆ ತೊಡಿಸುತ್ತ ಏನಾದರೊಂದು ಕೇಳಿಯೇ ಕೇಳುತ್ತಾಳೆಂದು ಅವರಿಗೆ ಗೊತ್ತಿತ್ತು. ಟಪಾಲು ಕಚೇರಿಯ ಗುಮಾಸ್ತನ ಹೆಂಡತಿ ಸಿಕ್ಕರೆ, "ತಂತಿಯೊಳಗ ಸುದ್ದಿ ಹೋಗತದಂತಲ್ರಿ, ಕನ್ನಡ ಸುದ್ದಿ ಬ್ಯಾರೆ, ಉರ್ದು ಸುದ್ದಿ ಬ್ಯಾರೆ ಹೋಗತದೇನ್ರಿ?" ಎನ್ನುವಳು. ಗಡಿಯಾರವಿದ್ದ ಮನೆಯಲ್ಲಿ, ಅದರ ಮುಳ್ಳು ಯಾಕೆ ಒಂದೇ ಕಡೆ ತಿರುಗುತ್ತದೆಂದು ಕೇಳುವಳು. ಉತ್ತರ ಸಿಕ್ಕರೆ ಸಂತೋಷ. ಸಿಗದಿದ್ದರೆ ಅದೇ ಪ್ರಶ್ನೆಯನ್ನು ಮುಂದಿನ ಮನೆಗೆ ಒಯ್ಯುವಳು.

ಹುಟ್ಟಿದ್ದು ಕೊಡಂಬಲದಲ್ಲಿ. ಅಕ್ಷರ ಕಲಿಯುವ ಮಾತೇ ಇರಲಿಲ್ಲ. ಮೊಲೆಹಾಲು ಬಿಟ್ಟ ಮೇಲೆ ಕಂಡದ್ದೆಲ್ಲ ಬಳೆಯೇ. ಕಲ್ಯಾಣಿಯ ಕಾಶಿರಾಮನ ಹೆಂಡತಿಯಾಗಿ ಬಂದ ಮೇಲೆ ಅವನು ಹುಮನಾಬಾದಿನ ಬಜಾರದಿಂದ ಮಾಲು ತರುವುದು, ಇವಳು ಬಳೆ ಪೋಣಿಸಿದ ಮಲಾರ ಹೆಗಲಿಗೆ ಹಾಕಿಕೊಂಡು ಮನೆ ಮನೆ ತಿರುಗುವುದು ಎಂದಾಯಿತು. ಇಬ್ಬರಿಗೂ ಒಬ್ಬನೇ ಮಗ, ನಾಗನಾಥ. ಅವನು ಓದಿನಲ್ಲಿ ಚುರುಕು ಎಂದು ಎಲ್ಲರೂ ಹೇಳಿದ್ದರಿಂದ ಹುಮನಾಬಾದಿನ ಹೈಸ್ಕೂಲಿಗೆ ಹಾಕಿದರು. ಅಲ್ಲಿ ಕಾಶಿರಾಮನ ಅಕ್ಕನ ಮನೆಯಲ್ಲಿ ಇದ್ದು ಓದುತ್ತಿದ್ದ. ಗುರುವಾರ ಸಂಜೆ ಮೋಟಾರಿನಲ್ಲಿ ಕಲ್ಯಾಣಿಗೆ ಬರುವುದು, ಶುಕ್ರವಾರ ರಜೆ, ಶನಿವಾರ ನಸುಕಿಗೆ ಮತ್ತೆ ಮೋಟಾರು.

ನಿಜಾಮರ ಸೀಮೆಯ ಸಾಲೆ, ಪಾಠವೆಲ್ಲ ಉರ್ದುವಿನಲ್ಲಿ. ಚರಿತ್ರೆ, ಭೂಗೋಳ, ಪದ್ಯ ಇವೆಲ್ಲ ನಾಗನಾಥನ ನಾಲಿಗೆಯ ಮೇಲಿದ್ದವು. ಲೆಕ್ಕ ಬಂತೆಂದರೆ ಮಾತ್ರ ಹುಡುಗ ಕುಸಿದುಬೀಳುತ್ತಿದ್ದ. ಒಂಬತ್ತನೆಯ ಇಯತ್ತೆಯ ನಡುವೆ ಹೆಡ್ ಮಾಸ್ತರರು ಕಾಶಿರಾಮನನ್ನು ಕರೆಸಿ, ಲೆಕ್ಕಕ್ಕೆ ಬೇರೆ ಮನೆಪಾಠ ಇಡದಿದ್ದರೆ ಇವನು ಮೆಟ್ರಿಕ್ ದಾಟುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿ ಕಳಿಸಿದರು.

"ಅವನ ತಲ್ಯಾಗ ಅದು ಇಳಿಯಂಗಿಲ್ಲ, ಬಿಡು," ಎಂದ ಕಾಶಿರಾಮ ಮನೆಗೆ ಬಂದು. "ಬರಿಯೋದು ಓದೋದು ಬಂತಲ್ಲ. ನನ್ನ ಜೋಡಿ ಬಜಾರಕ್ಕ ಬರ್ಲಿ."

"ಇಳಿವಲ್ದು ಅಂತೀರಿ. ಆದ್ರ ಇಳಿಯದಂಥಾದ್ದು ಏನದ ಅಂತ ನೋಡೂಣು ಮೊದಲು," ಎಂದಳು ಸುಂದರಬಾಯಿ.

ಆ ಶುಕ್ರವಾರ ಮಗನನ್ನು ಎದುರಿಗೆ ಕೂರಿಸಿಕೊಂಡಳು. "ನಾಗ್ಯಾ, ಬರದಿದ್ರ ಇರ್ಲಿ. ಅದೇನು ಅಂತಾದ್ರೂ ಹೇಳು."

ನಾಗನಾಥ ತಲೆ ಕೆರೆದುಕೊಂಡ. "ಒಂದು ಸಂಖ್ಯಾ ಇರತದವ್ವಾ. ಅದು ಎಷ್ಟು ಅಂತ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲಂದ್ರೂ ಅದಕ್ಕ 'ಲಾ' ಅಂತ ಹೆಸರಿಡಬೇಕು."

ಸುಂದರಬಾಯಿಗೆ ಮನೆ ಮನೆ ತಿರುಗಿ ದಖನಿ ಮಾತು ಚೆನ್ನಾಗಿ ಬರುತ್ತಿತ್ತು. ಆ ಮಾತಿನಲ್ಲಿ 'ಲಾ' ಎಂದರೆ 'ತಾ'. "ಏನ್ ತಾ ಅಂತಾರ?" ಎಂದು ಕೇಳಿದಳು.

"ಏನೂ ತಾ ಅನ್ನಂಗಿಲ್ಲವ್ವಾ! ಅದು ಹೆಸರು ಅಷ್ಟ. ಹೆಸರಿಟ್ಟು, ಅದು ಗೊತ್ತದ ಅನ್ನಾಂಗ ಲೆಕ್ಕ ಮಾಡಕೋಂತ ಹೋಗಬೇಕು. ಕಡೀಗಿ ಅದು ಎಷ್ಟು ಅಂತ ತಾನೇ ಹೊರಗ ಬರತದ. ನನಗ ಮಾತ್ರ ಬರೂದಿಲ್ಲ."

ಗೊತ್ತಿಲ್ಲದ್ದಕ್ಕೆ ಹೆಸರಿಟ್ಟು ಕರೆದರೆ ಅದು ತಾನಾಗಿ ಹೊರಗೆ ಬರುತ್ತದೆ! ಲೋಕದಲ್ಲಿ ಇಂಥದ್ದೊಂದು ವಿದ್ಯೆ ಇದೆಯೆಂದು ಇಷ್ಟು ದಿನ ಯಾರೂ ತನಗೆ ಹೇಳಲಿಲ್ಲವಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು. ಮಗ ಪಾಸಾಗಬೇಕೆಂಬ ಆಸೆ ಎಷ್ಟಿತ್ತೋ, ಇದನ್ನು ಕಲಿಸುವವರು ಹೇಗೆ ಕಲಿಸುತ್ತಾರೆ ನೋಡಬೇಕೆಂಬ ಹಂಬಲವೂ ಅಷ್ಟೇ ಹುಟ್ಟಿತು. ಮಾಸ್ತರನನ್ನು ತಾನೇ ಆರಿಸುತ್ತೇನೆ ಎಂದು ಗಂಡನಿಗೆ ಹೇಳಿಬಿಟ್ಟಳು.

"ನಿನಗ ಒಂದಕ್ಷರ ಬರೂದಿಲ್ಲ. ಹ್ಯಾಂಗ ಆರಿಸ್ತಿ?"

"ಕೂತು ನೋಡ್ತೀನ್ರಿ," ಎಂದಳು.

ಮೊದಲು ನೋಡಿದ್ದು ಕಲ್ಯಾಣಿಯ ಬಂಡೆಪ್ಪ ಮಾಸ್ತರರನ್ನು. ವಯಸ್ಸಾದವರು, ಒಳ್ಳೆಯವರು, ದನಿ ಗುಡುಗಿನಂಥದ್ದು. ಅವರ ಮನೆಯ ಕಟ್ಟೆಯ ಮೇಲೆ ಹುಡುಗರು ಸಾಲಾಗಿ ಕುಳಿತು ಸೂತ್ರಗಳನ್ನು ಒಟ್ಟಿಗೇ ಕೂಗುತ್ತಿದ್ದರು. ಸುಂದರಬಾಯಿ ಎದುರು ಮನೆಯ ನೆರಳಿನಲ್ಲಿ ಮಲಾರ ಇಳಿಸಿಕೊಂಡು ಕುಳಿತು ಮಗನನ್ನೇ ನೋಡಿದಳು. ಎಲ್ಲರ ಜೊತೆ ಅವನ ತುಟಿಯೂ ಅಲುಗುತ್ತಿತ್ತು. ಮನೆಗೆ ಬರುವಾಗ, "ಏನು ಕೂಗಿದಿ?" ಎಂದು ಕೇಳಿದಳು. ಅವನು ಪೂರ್ತಿ ಒಪ್ಪಿಸಿದ. "ಹಂಗಂದ್ರ ಏನು?" ಎಂದಳು. ಅವನು ಗಾಬರಿಯಾಗಿ ಅವಳ ಮುಖ ನೋಡಿದ. ಸೂತ್ರಕ್ಕೆ ಅರ್ಥವೂ ಇರಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ.

ಆಮೇಲೆ ಹುಮನಾಬಾದಿನ ದೇವಿದಾಸರಾಯರು. ಅವರ ಹೆಸರು ಚಿಟಗುಪ್ಪ, ಹುಲಸೂರದವರೆಗೂ ಹಬ್ಬಿತ್ತು. ಅವರ ವಾಡೆಯ ಪಡಸಾಲೆಯಲ್ಲಿ ಸಂಜೆ ಹೊತ್ತು ಹುಡುಗರು ಕಿಕ್ಕಿರಿದು ಕೂರುತ್ತಿದ್ದರು. ರಾಯರ ಹೆಂಡತಿ ಕಮಳಾಬಾಯಿ ಹಳೆಯ ಗಿರಾಕಿಯಾದ್ದರಿಂದ ಸುಂದರಬಾಯಿಗೆ ಒಳಬಾಗಿಲ ಬಳಿ ಕೂರಲು ಜಾಗ ಸಿಕ್ಕಿತು. ರಾಯರು ಕರಿಹಲಗೆಯ ಮೇಲೆ ಸೀಮೆಸುಣ್ಣ ಹಿಡಿದು ಲೆಕ್ಕ ಬಿಡಿಸುವುದು ನೋಡಿದರೆ ಕಣ್ಣಿಗೆ ಹಬ್ಬ. ಒಂದು ಸಾಲು ಇನ್ನೊಂದನ್ನು ಹಡೆದಂತೆ ಇಳಿಯುತ್ತ ಬಂದು ಕೊನೆಗೆ ಉತ್ತರ ಟಪ್ಪನೆ ಬೀಳುತ್ತಿತ್ತು. ಉರ್ದು ಅಂಕಿ ಒಂದೂ ಓದಲು ಬಾರದ ಸುಂದರಬಾಯಿ ಕೂಡ "ಆಹಾ!" ಎಂದುಬಿಟ್ಟಳು. ಹುಡುಗರು ತಿರುಗಿ ನೋಡಿದರು. ನಾಗನಾಥ ನಾಚಿಕೆಯಿಂದ ತಲೆ ತಗ್ಗಿಸಿದ.

ರಾಯರು ಅವನನ್ನು ಎಬ್ಬಿಸಿ ಏನೋ ಕೇಳಿದರು. ಹುಡುಗ ಒಂದು ಉತ್ತರ ಹೇಳಿದ, ತಡವರಿಸಿ ಇನ್ನೊಂದು ಹೇಳಿದ, ಮತ್ತೊಂದು ಹೇಳಿದ. "ಶಾಬಾಸ್!" ಎಂದು ರಾಯರು ಮುಂದೆ ಹೋದರು.

ತಾಯಿ ಮಗ ಅತ್ತೆಯ ಮನೆಯ ಕಡೆ ನಡೆಯುತ್ತಿದ್ದಾಗ ಸುಂದರಬಾಯಿ, "ಇವರೇ ಆಗಬೇಕು ನೋಡು. ಈಗ ಅದೇ ಲೆಕ್ಕ ನನಗ ಮಾಡಿ ತೋರ್ಸು," ಎಂದಳು. ನಾಗನಾಥ ದಾರಿಯ ಮಣ್ಣಿನಲ್ಲಿ ಕಡ್ಡಿಯಿಂದ ಒಂದು ಸಾಲು ಬರೆದು ನಿಂತುಬಿಟ್ಟ.

"ಅವರು ಮಾಡೋದು ನೋಡಿದ್ರ ಎಲ್ಲಾ ತಿಳೀತದವ್ವಾ. ನಾ ಮಾಡಾಕ ಹೋದ್ರ ಏನೂ ತಿಳಿಯಂಗಿಲ್ಲ."

ಈ ಮಾತು ಅವಳಿಗೆ ತಟ್ಟನೆ ಅರ್ಥವಾಯಿತು. ತಾನು ಬಳೆ ಏರಿಸುವಾಗ ಅದು ಬೆಣ್ಣೆಯಂತೆ ಜಾರಿ ಮಣಿಕಟ್ಟಿಗೆ ಹೋಗುತ್ತದೆ. ಅದನ್ನು ನೋಡಿ ಹೆಂಗಸರು ತಾವೇ ಏರಿಸಿಕೊಳ್ಳಲು ಹೋದರೆ ಗಾಜು ಒಡೆದು ಕೈಗೆ ಗಾಯ. ನೋಡಿದ ಮಾತ್ರಕ್ಕೆ ಕೈಗೆ ಬರುವುದಿಲ್ಲ. ಹಾಗಾದರೆ ಕೈಗೆ ಬರಿಸುವವರು ಯಾರು? ಆ ಪ್ರಶ್ನೆಯನ್ನು ಅವಳು ಮಲಾರದ ಜೊತೆ ಮನೆ ಮನೆಗೆ ಹೊತ್ತು ತಿರುಗಿದಳು.

ರಂಜಾನ್ ಈದ್ ಹತ್ತಿರ ಬಂದಾಗ ಕಲ್ಯಾಣಿಯಲ್ಲೇ ಇದ್ದ ಜಲಾಲುದ್ದೀನ್ ಸಾಹೇಬರ ಮನೆಯ ಜನಾನಾಕ್ಕೆ, ಅಂದರೆ ಹೆಂಗಸರ ಕೋಣೆಗೆ ಹೋದಳು. ಸಾಹೇಬರು ಹಿಂದೆ ಜಮೀನು ಅಳೆಯುವ ಖಾತೆಯಲ್ಲಿದ್ದವರು. ಈಗ ಕಣ್ಣು ಮಂಜಾಗಿ ಮನೆಯಲ್ಲೇ ಇದ್ದರು. ಚಿಕ್ಕ ಮಗಳು ಅಸ್ಗರಿ ಬಳೆಗೆ ಕೈ ಚಾಚಿದಳು. ಹಿರಿಯವಳು ಕುಲ್ಸುಮ್ ಬೀ ಗಂಡ ತೀರಿಹೋಗಿ ತವರಿಗೆ ಬಂದಿದ್ದವಳು, ಬಳೆ ತೊಡುತ್ತಿರಲಿಲ್ಲ. ಆಕೆ ಮೂಲೆಯಲ್ಲಿ ಕುಳಿತು ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದುದನ್ನು ಸುಂದರಬಾಯಿ ಕಂಡಳು.

"ರಂಗೋಲಿ ಏನ್ರಿ ಬೀಬಿಯವರ?"

ಕುಲ್ಸುಮ್ ಬೀ ನಕ್ಕಳು. "ರಂಗೋಲಿ ಅಲ್ಲ ಸುಂದರಬಾಯಿ, ಹಿಸಾಬ್. ಅಬ್ಬಾಗ ಗಂಡುಮಕ್ಕಳಿಲ್ಲ, ನನಗ ಕಲಿಸಿದ್ರು. ಅವರ ಕಣ್ಣು ಮಂಜಾದ ಮ್ಯಾಲ ಅವರ ಖಾತೆಯ ಜಮೀನಿನ ಲೆಕ್ಕೆಲ್ಲ ನಾನೇ ಮಾಡತಿದ್ದೆ. ಈಗ ಅವರ ನೌಕರಿ ಇಲ್ಲ, ನನಗೂ ಕೆಲಸಿಲ್ಲ. ಸುಮ್ಮನ ಖುಷಿಗೆ ಮಾಡ್ತೀನಿ."

ಖುಷಿಗೆ ಲೆಕ್ಕ ಮಾಡುವವರನ್ನು ಸುಂದರಬಾಯಿ ಅದೇ ಮೊದಲು ಕಂಡದ್ದು. ಅಸ್ಗರಿಯ ಕೈ ಹಿಡಿದುಕೊಂಡೇ ಮಗನ ಕತೆ, ಇಬ್ಬರು ಮಾಸ್ತರರ ಕತೆ ಎಲ್ಲ ಹೇಳಿ, "ನನ್ನ ನಾಗ್ಯಾನ್ನ ನೀವೊಮ್ಮೆ ನೋಡ್ತೀರೇನ್ರಿ?" ಎಂದಳು.

"ನೋಡೋದು ಹ್ಯಾಂಗ? ಅವ ದೊಡ್ಡ ಹುಡುಗ. ನಾ ಪರದೆಯೊಳಗಿನಾಕಿ."

"ನೋಡಬ್ಯಾಡ್ರಿ ಹಂಗಾದ್ರ. ಕೇಳ್ರಿ."

ಕುಲ್ಸುಮ್ ಬೀಯ ಕೈಯೊಳಗಿನ ಸೀಮೆಸುಣ್ಣ ನಿಂತಿತು. ಆಕೆ ತಂದೆಯ ಬಳಿ ಹೋಗಿ ಮಾತಾಡಿ ಬಂದಳು. ಸಾಹೇಬರು ಒಪ್ಪಿದರು. ಹುಡುಗ ಹೊರಗಿನ ಕೋಣೆಯಲ್ಲಿ ತಮ್ಮ ಪಕ್ಕದಲ್ಲೇ ಕೂರಬೇಕು, ನಡುಬಾಗಿಲಿಗೆ ಪರದೆ ಇರಬೇಕು, ತಾಯಿಯೂ ಬರಬೇಕು.

ಮುಂದಿನ ಶುಕ್ರವಾರ ನಮಾಜ್ ಮುಗಿದ ಮೇಲೆ ನಾಗನಾಥ ಪಾಟಿ ಹಿಡಿದು ಕುಳಿತ. ಒಳಗಿನಿಂದ ಮೆತ್ತಗಿನ ದನಿ ಲೆಕ್ಕ ಹೇಳಿತು: ಒಂದು ಸಂಖ್ಯೆಯ ಮೂರು ಪಟ್ಟಿನಿಂದ ಐದು ಕಳೆದರೆ ಹದಿನಾರು ಉಳಿಯುತ್ತದೆ, ಆ ಸಂಖ್ಯೆ ಯಾವುದು? ಅವನು ಬರೆದು, ಅಭ್ಯಾಸದಂತೆ ಪಾಟಿಯನ್ನು ಪರದೆಯತ್ತ ಎತ್ತಿ ತೋರಿಸಿದ.

"ನನಗ ಕಾಣಂಗಿಲ್ಲ ಬೇಟಾ. ಬಾಯಿಂದ ಹೇಳು."

"ಮೂರು ಲಾ ಅಂದ್ರ ಹದಿನಾರರಾಗ ಐದು ಕಳದು ಹನ್ನೊಂದು, ಉಸ್ತಾನಿ ಅಮ್ಮಾ."

"ಯಾಕ?"

ನಾಗನಾಥ ಜಲಾಲುದ್ದೀನ್ ಸಾಹೇಬರತ್ತ ನೋಡಿದ. ಅವರು ಮಂಜುಗಣ್ಣು ಮುಚ್ಚಿ ತಸ್ಬೀಹ್ ಮಣಿ ಎಣಿಸುತ್ತಿದ್ದರು. ತಾಯಿಯತ್ತ ನೋಡಿದ, ಅವಳಿಗೆ ಏನೂ ಗೊತ್ತಿಲ್ಲ. ಪರದೆಯತ್ತ ನೋಡಿದ, ಹಸಿರು ಬಟ್ಟೆ. "ಅಲ್ಲ, ಹದಿನೈದು?" ಎಂದ. ಒಳಗಿಂದ ಹೂಂ ಇಲ್ಲ, ಊಹೂಂ ಇಲ್ಲ. "ಇಪ್ಪತ್ತೊಂದು?"

"ಯಾಕ?" ಎಂದಿತು ಅದೇ ದನಿ.

ಆಗ ಸುಂದರಬಾಯಿಗೆ ಹೊಳೆಯಿತು. ಮಗ ಇಷ್ಟು ದಿನ ಲೆಕ್ಕ ನೋಡುತ್ತಿರಲಿಲ್ಲ, ಮಾಸ್ತರರ ಮುಖ ನೋಡುತ್ತಿದ್ದ! ಹುಬ್ಬು ಏರಿದರೆ ಉತ್ತರ ಬದಲಿಸುವುದು, ತಲೆ ಅಲುಗಿದರೆ ಅಲ್ಲಿಗೇ ನಿಲ್ಲಿಸುವುದು. ಗಿರಾಕಿಯ ಮುಖ ನೋಡಿ ಬಳೆಯ ಬಣ್ಣ ಬದಲಿಸುವುದನ್ನು ಹೊಟ್ಟೆಯಲ್ಲಿದ್ದಾಗಿನಿಂದ ಕಂಡ ಮಗ. ಇಲ್ಲಿ ಓದಲು ಮುಖವೇ ಇಲ್ಲ. ಅವಳ ಬಾಯಿ ತುರಿಸಿತು. "ಬೀಬಿಯವರ, ಇವ—" ಎಂದು ಶುರುಮಾಡಿದಳು.

"ಸುಂದರಬಾಯಿ, ಸುಮ್ನಿರ್ರಿ. ಅವ ಯೋಚನಿ ಮಾಡಾಕತ್ತಾನ."

ನಾಗನಾಥ ಪಾಟಿಯ ಮೇಲೆ ಬರೆದದ್ದನ್ನು ಅಂಗೈಯಿಂದ ಒರೆಸಿದ. ಒಳಗಿನ ದನಿ ಒಂದೇ ಒಂದು ಮಾತು ಸೇರಿಸಿತು: "ಕಳದ ಮ್ಯಾಲ ಹದಿನಾರು ಉಳದದ. ಕಳಿಯೋಕ್ಕಿಂತ ಮೊದಲು ಹೆಚ್ಚಿಗಿ ಇತ್ತೋ, ಕಡಿಮಿ ಇತ್ತೋ?"

"ಹೆಚ್ಚಿಗಿ," ಎಂದ ನಾಗನಾಥ. ಆಮೇಲೆ ತನ್ನಷ್ಟಕ್ಕೆ ತಾನೇ ನಿಧಾನವಾಗಿ, "ಹೆಚ್ಚಿಗಿ ಇತ್ತಂದ್ರ... ಐದು ತಿರುಗಿ ಕೂಡಸಬೇಕು. ಇಪ್ಪತ್ತೊಂದು. ಅದು ಮೂರು ಪಟ್ಟು. ಹಂಗಂದ್ರ ಏಳು! ಏಳರಿ ಅಮ್ಮಾ!" ಎಂದು ಕೂಗಿದ. ಸಾಹೇಬರು ಬೆಚ್ಚಿ ಕಣ್ಣು ತೆರೆದರು. ಪರದೆಯ ಹಿಂದೆ ಅಸ್ಗರಿ ಕಿಲಕಿಲ ನಕ್ಕದ್ದು ಕೇಳಿಸಿತು.

ಹೀಗೆ ಮಳೆಗಾಲ ಬರುವವರೆಗೂ ಶುಕ್ರವಾರದ ಪಾಠ ನಡೆಯಿತು. ಪಾಟಿಗಿಂತ ಬಾಯಿಯ ಕೆಲಸವೇ ಹೆಚ್ಚು. ಪ್ರತಿ ಮೆಟ್ಟಿಲಿಗೂ ಒಂದು 'ಯಾಕ'. ಓಣಿಯಲ್ಲಿ ಗುಸುಗುಸು ಎದ್ದಿತು. ಹೆಣ್ಣುಮಗಳು ಲೆಕ್ಕ ಕಲಿಸುತ್ತಾಳಂತೆ ಎಂದು ಬಂಡೆಪ್ಪ ಮಾಸ್ತರರು ಮುನಿಸಿಕೊಂಡರು. ಕಾಶಿರಾಮ, "ಜನ ಏನಂತಾರ ಗೊತ್ತೇನು?" ಎಂದ. "ಏನಂತಾರ್ರಿ?" ಎಂದು ಸುಂದರಬಾಯಿ ನಿಜವಾಗಿಯೂ ತಿಳಿಯುವ ಆಸೆಯಿಂದ ಕೇಳಿದಳು. ಅವನು ಹೊಸ ಮಾಲಿನ ಗಂಟು ಬಿಚ್ಚತೊಡಗಿದ.

ಆದರೆ ಅಸ್ಗರಿಗೆ ಹುಮನಾಬಾದಿನ ಕಡೆಯ ಸಂಬಂಧ ಬಂತು. ಹೊರಗಿನ ಹುಡುಗ ಮನೆಗೆ ಬರುತ್ತಾನೆಂಬ ಮಾತು ಗಂಡಿನವರ ಕಿವಿಗೆ ಬೇರೆ ರೀತಿಯಲ್ಲಿ ಬಿದ್ದರೆ ಎಂಬ ಹೆದರಿಕೆ ನೆಂಟರಿಗೆ ಹುಟ್ಟಿತು. ಜಲಾಲುದ್ದೀನ್ ಸಾಹೇಬರು ನೊಂದುಕೊಂಡೇ, "ಮದುವೆ ಮುಗಿಯೋತನಕ ಬ್ಯಾಡಮ್ಮಾ," ಎಂದರು.

ಮೆಟ್ರಿಕ್ ಪರೀಕ್ಷೆ ಹತ್ತಿರ ಬರುತ್ತಿತ್ತು. ಸುಂದರಬಾಯಿ ಒಂದು ವಾರ ಚಡಪಡಿಸಿ, ಕೊನೆಗೆ ಮಲಾರ ಹೊತ್ತುಕೊಂಡು ಹುಮನಾಬಾದಿಗೆ ಹೋಗಿ ದೇವಿದಾಸರಾಯರ ಎದುರು ನಿಂತಳು.

"ರಾಯರ, ನನ್ನ ಮಗನ್ನ ನಿಮ್ಮ ಕಡೆ ಹಾಕ್ತೀನ್ರಿ. ಆದ್ರ ಒಂದು ಮಾತು. ಅವನ ಕಡೆ ಬೆನ್ನು ತಿರುಗಿಸಿ ಕೂತು ಕಲಿಸ್ಬೇಕ್ರಿ."

ರಾಯರು ಬರೆಯುತ್ತಿದ್ದ ಕೈ ನಿಲ್ಲಿಸಿದರು. ಅಡುಗೆಮನೆಯಲ್ಲಿ ಕಮಳಾಬಾಯಿಯ ಪಾತ್ರೆಯ ಸದ್ದೂ ನಿಂತಿತು. "ಏನಂದಿ?" ಎಂದರು ರಾಯರು, ಮುಖ ಕೆಂಪಾಗಿ. ಸುಂದರಬಾಯಿ ಹೆದರಲಿಲ್ಲ; ಪರದೆಯ ಪಾಠದ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಹೇಳುತ್ತ ಹೋದಂತೆ ರಾಯರ ಮುಖದ ಕೆಂಪು ಇಳಿಯಿತು. ಕೊನೆಗೆ ಎದ್ದು ಗೋಡೆಯತ್ತ ತಿರುಗಿ ಕುಳಿತರು. "ಬಾರೋ," ಎಂದು ಎದುರಿಗಿದ್ದ ತಮ್ಮದೇ ಶಿಷ್ಯನೊಬ್ಬನನ್ನು ಕರೆದು ಲೆಕ್ಕ ಕೇಳಿದರು. ಅವನು ಜಾಣನೆಂದು ಹೆಸರಾದ ಹುಡುಗ. ಅವನೂ ಮೂರು ಉತ್ತರ ಹೇಳಿ ಸುಮ್ಮನಾದ. ರಾಯರು ಗೋಡೆಯನ್ನು ನೋಡುತ್ತಲೇ, "ಅರೆ!" ಎಂದರು. ಆಮೇಲೆ ನಗತೊಡಗಿದರು. "ಇವರ ತಲ್ಯಾಗ ಏನದ ಅಂತ ನಾ ಇವತ್ತೇ ಕೇಳಾಕತ್ತೇನಿ ನೋಡು!"

ನಾಗನಾಥನನ್ನು ಸೇರಿಸಿಕೊಂಡರು. ವಾರಕ್ಕೊಮ್ಮೆ ಗೋಡೆಯತ್ತ ತಿರುಗಿ ಕೂರುವುದು ಅವರ ಪಡಸಾಲೆಯ ಪದ್ಧತಿಯೇ ಆಯಿತು. ಆದರೂ ಕಲ್ಯಾಣಿಯಲ್ಲಿ ಇಂಥ ಹೆಣ್ಣುಮಗಳು ನಿಜವಾಗಿ ಇದ್ದಾಳೆಯೇ ಎಂಬ ಕುತೂಹಲ ಅವರನ್ನು ಬಿಡಲಿಲ್ಲ. ಒಂದು ದಿನ ಸುಂದರಬಾಯಿಯ ಮಲಾರದಿಂದ ಒಂದು ಬಳೆ ತೆಗೆದು ನೆಲಕ್ಕಿಟ್ಟು ಸುತ್ತ ಗೆರೆ ಎಳೆದರು. "ಈ ವರ್ತುಲದ ಬರೋಬ್ಬರಿ ನಡು ಎಲ್ಲದ? ಕಣ್ಣಳತಿ ನಡಿಯಂಗಿಲ್ಲ. ನಿಮ್ಮ ಬೀಬಿಯವರಿಗೆ ಕೇಳಿ ಬಾ."

ಸುಂದರಬಾಯಿ ಮೋಟಾರಿನಲ್ಲಿ ಬರುತ್ತ ಬಳೆಯನ್ನು ಕಣ್ಣೆದುರು ಹಿಡಿದುಕೊಂಡು ಕುಳಿತಳು. ಜೀವಮಾನವೆಲ್ಲ ಇದನ್ನೇ ಮಾರಿದವಳು. ಇದರ ನಡುವಿನ ಬಯಲಿಗೂ ಒಂದು ನಡು ಇದೆಯೆಂದು ಒಂದು ದಿನವೂ ಯೋಚಿಸಿರಲಿಲ್ಲ. ಅಸ್ಗರಿಯ ಮದುವೆಯ ಬಳೆಗೆಂದು ಜನಾನಾಕ್ಕೆ ಹೋದಾಗ ಪ್ರಶ್ನೆ ಕೇಳಿದಳು. ಕುಲ್ಸುಮ್ ಬೀಯ ಮುಖ ಅರಳಿತು. ಮದುವೆಮನೆಯ ಗದ್ದಲದ ನಡುವೆಯೇ ನೆಲದ ಮೇಲೆ ಬಳೆಯ ಗೆರೆ ಎಳೆದು, ಅದರೊಳಗೆ ಅಂಚಿನಿಂದ ಅಂಚಿಗೆ ಎರಡು ಅಡ್ಡಗೆರೆ ಹಾಕಿದಳು. ಒಂದೊಂದರ ಅರ್ಧಕ್ಕೆ ಗುರುತು ಮಾಡಿ ಅಲ್ಲಿಂದ ನೆಟ್ಟಗೆ ಒಂದೊಂದು ಗೆರೆ ಎಬ್ಬಿಸಿದಳು. ಎರಡೂ ಒಂದು ಕಡೆ ಕೂಡಿದವು. "ಇದೇ ನಡು," ಎಂದಳು.

"ಯಾಕ್ರಿ?" ಎಂದಳು ಸುಂದರಬಾಯಿ.

ಕುಲ್ಸುಮ್ ಬೀ ಅವಳನ್ನು ದಿಟ್ಟಿಸಿ ನೋಡಿ, ಪಕ್ಕಕ್ಕೆ ಕೂರಿಸಿಕೊಂಡು ಹೇಳಿಕೊಟ್ಟಳು. ನಡು ಎಂಬುದು ಅಂಚಿಗೆಲ್ಲ ಸಮ ದೂರ. ಅಡ್ಡಗೆರೆಯ ಎರಡೂ ತುದಿ ಅಂಚಿನ ಮೇಲೇ ಇವೆ, ಆದ್ದರಿಂದ ನಡು ಆ ಎರಡೂ ತುದಿಗೆ ಸಮ ದೂರ. ಅರ್ಧದಿಂದ ಎದ್ದ ನೆಟ್ಟಗೆರೆಯ ಮೇಲೆ ನಿಂತವರಷ್ಟೇ ಎರಡೂ ತುದಿಗೆ ಸಮ ದೂರ ಇರಲು ಸಾಧ್ಯ. ಹಾಗಾಗಿ ನಡು ಎರಡೂ ನೆಟ್ಟಗೆರೆಗಳ ಮೇಲೆ ಇರಲೇಬೇಕು. ಸುಂದರಬಾಯಿ ಮನೆಗೆ ಹೋಗಿ ಕಸಬರಿಗೆಯ ಹಂಚಿಕಡ್ಡಿ ಜೋಡಿಸಿ ದೊಡ್ಡ ಬಳೆ, ಸಣ್ಣ ಬಳೆ ಎಲ್ಲದರಲ್ಲೂ ಮಾಡಿ ನೋಡಿದಳು. ಎಲ್ಲದರಲ್ಲೂ ನಡು ಸಿಕ್ಕಿತು. ಕಾಶಿರಾಮ ಊಟಕ್ಕೆ ಕಾದು ಕಾದು ತಾನೂ ಬಂದು ಒಂದು ಕಡ್ಡಿ ಹಿಡಿದ.

ಹುಮನಾಬಾದಿಗೆ ಹೋಗಿ ಅವಳು ಅದನ್ನು ತಡವರಿಸದೆ ಹೇಳಿದಾಗ ದೇವಿದಾಸರಾಯರು ಇನ್ನೊಂದು ಪ್ರಶ್ನೆ ಕೊಟ್ಟರು. ಅದಕ್ಕೆ ಉತ್ತರದ ಜೊತೆ ಕುಲ್ಸುಮ್ ಬೀಯ ಕಡೆಯಿಂದಲೂ ಒಂದು ಪ್ರಶ್ನೆ ಬಂತು. ರಾಯರು ಅದರ ಮೇಲೆ ಎರಡು ದಿನ ಕುಳಿತರೆಂದು ಕಮಳಾಬಾಯಿ ದೂರು ಹೇಳಿದಳು. ಒಬ್ಬರನ್ನೊಬ್ಬರು ನೋಡದ ಆ ಇಬ್ಬರ ನಡುವೆ ಲೆಕ್ಕಗಳು ಸುಂದರಬಾಯಿಯ ಬಾಯಲ್ಲಿ ಮೋಟಾರು ಹತ್ತಿ ಹೋಗಿಬರುತ್ತಿದ್ದವು.

ನಾಗನಾಥ ಮೆಟ್ರಿಕ್ ಪಾಸಾದ. ಲೆಕ್ಕದಲ್ಲಿ ಹೇಳಿಕೊಳ್ಳುವಂಥ ಅಂಕವೇನೂ ಬರಲಿಲ್ಲ, ಆದರೆ ದಾಟಿದ. ಮುಂದೆ ಹುಮನಾಬಾದಿನ ಕಚೇರಿಯೊಂದರಲ್ಲಿ ಕೆಲಸಕ್ಕೂ ಸೇರಿದ. ಪಾಸಾದ ಸುದ್ದಿ ಹೇಳಲು ಸುಂದರಬಾಯಿ ಓಡಿ ಹೋದಾಗ ಕುಲ್ಸುಮ್ ಬೀ ಕೇಳಿದ್ದು ಒಂದೇ: "ಯಾವ ಲೆಕ್ಕ ತಪ್ಪಿತಂತ?"

"ಅದನ್ನ ಕೇಳಿ ಬರ್ತೀನ್ರಿ. ನಿಮಗ ಏನು ಕೊಡಲಿ ಬೀಬಿಯವರ? ಬಳಿ ನೀವು ಹಾಕ್ಕೊಳ್ಳಂಗಿಲ್ಲ."

ಕುಲ್ಸುಮ್ ಬೀ ಸ್ವಲ್ಪ ಯೋಚಿಸಿ, ಮೆಲ್ಲಗೆ, "ನಿಮ್ಮ ರಾಯರು ಪಾಠ ಮಾಡೋದು ಒಮ್ಮೆ ಕೇಳ್ಬೇಕು," ಎಂದಳು.

ಅಸ್ಗರಿಯ ಗಂಡನ ಮನೆ ಹುಮನಾಬಾದಿನಲ್ಲೇ ಇದ್ದದ್ದು ಅನುಕೂಲವಾಯಿತು. ಅವಳನ್ನು ನೋಡಲೆಂದು ಜಲಾಲುದ್ದೀನ್ ಸಾಹೇಬರು ಹಿರಿಯ ಮಗಳನ್ನು ಕಮಾನು ಗಾಡಿಯಲ್ಲಿ ಕರೆದುಕೊಂಡು ಹೊರಟರು, ಸುಂದರಬಾಯಿಯೂ ಹತ್ತಿದಳು. ಮರುದಿನ ಮಧ್ಯಾಹ್ನ ಬುರ್ಖಾ ತೊಟ್ಟ ಕುಲ್ಸುಮ್ ಬೀ ಮತ್ತು ಅಸ್ಗರಿ, ಜೊತೆಗೆ ಸುಂದರಬಾಯಿ, ಮೂವರೂ ದೇವಿದಾಸರಾಯರ ಮನೆಯ ಒಳಕೋಣೆಯಲ್ಲಿ ಕಮಳಾಬಾಯಿ ಹಾಸಿದ ಜಮಖಾನೆಯ ಮೇಲೆ ಕುಳಿತರು. ನಡುವೆ ಅರ್ಧ ಮುಚ್ಚಿದ ಬಾಗಿಲು. ಆಚೆ ರಾಯರು ಗಂಟಲು ಸರಿಮಾಡಿಕೊಂಡರು. ಅಂದು ಅವರು ಒಂದು ಹೊಸ ಪ್ರಮೇಯ ತೆಗೆದುಕೊಂಡಿದ್ದರು. ದನಿ ಏರಿಳಿಯುತ್ತ ಹೋಯಿತು. ಕುಲ್ಸುಮ್ ಬೀ ಕಣ್ಣು ಮುಚ್ಚಿ, ಬೆರಳಿನಿಂದ ಜಮಖಾನೆಯ ಮೇಲೆ ಕಾಣದ ಗೆರೆ ಎಳೆಯುತ್ತ ಕೇಳಿದಳು. ಪಾಠ ಮುಗಿದಾಗ ರಾಯರು ಬಾಗಿಲತ್ತ ತಿರುಗದೆಯೇ, "ಏನಾದ್ರೂ ತಪ್ಪಿದ್ರ ಹೇಳ್ರಿ ಬಾಯಿಯವರ," ಎಂದರು. ಕುಲ್ಸುಮ್ ಬೀ, "ತಪ್ಪಿಲ್ರಿ. ಭಾಳ ಛಂದ," ಎಂದು ಉರ್ದುವಿನಲ್ಲಿ ಒಂದು ಮೆಚ್ಚುಗೆಯ ಮಾತನ್ನೂ ಸೇರಿಸಿದಳು.

ಮರಳುವಾಗ ಗಾಡಿ ಊರು ದಾಟಿ ಜೋಳದ ಹೊಲಗಳ ನಡುವೆ ಬಂದ ಮೇಲೆ ಆಕೆ ಮುಖದ ಮೇಲಿನ ಬಟ್ಟೆ ಎತ್ತಿ ಉಸಿರುಬಿಟ್ಟಳು. "ಭಾಳ ದೊಡ್ಡ ಉಸ್ತಾದರು. ಆದ್ರ ಮೂರನೇ ಮೆಟ್ಟಿಲದಾಗ ಜರಾ ಗಡಿಬಿಡಿ ಮಾಡಿದ್ರು. ಹುಡುಗರಿಗೆ ಅಲ್ಲಿ ತಿಳಿದಿರಲಿಕ್ಕಿಲ್ಲ."

"ಮೂರನೇದು ಯಾವುದ್ರಿ? ಎರಡು ಕೋನ ಸಮ ಅಂದದ್ದೋ, ಅದರ ಮುಂದಿಂದೋ?" ಎಂದು ಸುಂದರಬಾಯಿ ಹತ್ತಿರ ಸರಿದು ಕುಳಿತಳು.

"ಅದರ ಮುಂದಿಂದು. ಹೇಳ್ತೀನಿ ಕೇಳ್ರಿ," ಎಂದು ಕುಲ್ಸುಮ್ ಬೀ ಗಾಡಿಯ ಹುಲ್ಲಿನಿಂದ ನಾಲ್ಕು ಕಡ್ಡಿ ಆರಿಸಿಕೊಂಡು ತನ್ನ ಮಡಿಲಲ್ಲಿ ಜೋಡಿಸತೊಡಗಿದಳು.